ಪದಚರ್ಚೆ: ಅಮೆರಿಕದ ಪ್ರೈಮರಿಯಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮೆಲ್ಲರ ಸಲಹೆ ಬೇಕು. ನಾನಿರುವುದು ನ್ಯೂ ಜೆರ್ಸಿಯಲ್ಲಿ. ಇಲ್ಲಿನ ಪೌರತ್ವ ಪಡೆದು ಈಚೆಗೆ ವೋಟು ಹಾಕಲು ಶುರು ಮಾಡಿರುವ ಕನ್ನಡದ ಹಿರಿಯರಿಗಾಗಿ ಅಧ್ಯಕ್ಷೀಯ ಪ್ರೈಮರಿಯ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ವೋಟು ಹಾಕಿ ಆರಿಸುವ ಚುನಾವಣೆ) ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಅವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಇದ್ದರೂ ಮನಸ್ಸಿಗೆ ಹಿಡಿಸಿದವರಿಗೇ ವೋಟು ಹಾಕಬೇಕಾ, ಇಲ್ಲಾ ಗೆಲ್ಲುವ ಹಾಗೆ ಕಾಣುವವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕಾ? ಉತ್ತರ ಬರೆಯಲು ಕೂತರೆ, ಅಂಥ ಸ್ಪರ್ಧಿಗಳನ್ನು ಕರೆಯಲು ಕನ್ನಡದಲ್ಲಿ ಸರಿಯಾದ ಮಾತೇ ಸಿಗುತ್ತಿಲ್ಲ. ಸಿಗುವ ಮಾತುಗಳೆಲ್ಲ ಉತ್ತರವನ್ನು ಮೊದಲೇ ಹೇಳಿಬಿಡುತ್ತವೆ.

ಎಲ್ಲಕ್ಕಿಂತ ಮೊದಲು ಬಾಯಿಗೆ ಬರುವುದು ‘ಹರಕೆಯ ಕುರಿ’. ನಮ್ಮ ಪತ್ರಿಕೆಗಳಿಗೆ ಇದು ಬಹಳ ಪ್ರೀತಿಯ ಮಾತು. ಆದರೆ ಹರಕೆಯ ಕುರಿ ತಾನಾಗಿ ಬರುವುದಿಲ್ಲ. ಸೋಲು ಗೊತ್ತಿದ್ದೂ ಪಕ್ಷ ಯಾರನ್ನೋ ಹಿಡಿದು ನಿಲ್ಲಿಸಿದರೆ ಮಾತ್ರ ಈ ಮಾತು ಹೊಂದುತ್ತದೆ. ಪ್ರೈಮರಿಯಲ್ಲಿ ನಿಲ್ಲುವವರು ತಾವಾಗಿಯೇ ನಿಲ್ಲುತ್ತಾರೆ. ಎಷ್ಟೋ ಸಲ ಪಕ್ಷದ ದೊಡ್ಡವರು ಬೇಡವೆಂದರೂ ನಿಲ್ಲುತ್ತಾರೆ.

ಇನ್ನೊಂದು ‘ಕಪ್ಪು ಕುದುರೆ’. ಇದು ಇಂಗ್ಲಿಷಿನಿಂದ ಬಂದದ್ದು, ಈಗ ಕ್ರಿಕೆಟ್ ವರದಿಗಳಲ್ಲೂ ಬಳಕೆಯಲ್ಲಿದೆ. ಅಮೆರಿಕದ ರಾಜಕೀಯದಲ್ಲಿ ಇದನ್ನು 1844ರ ಜೇಮ್ಸ್ ಪೋಲ್ಕ್ ಅವರಿಗೆ ಹೇಳುತ್ತಾರೆ. ಬಾಲ್ಟಿಮೋರ್‌ನಲ್ಲಿ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಮೊದಲ ಸುತ್ತುಗಳಲ್ಲಿ ಅವರ ಹೆಸರೇ ಇರಲಿಲ್ಲ. ಒಂಬತ್ತನೇ ಸುತ್ತಿನಲ್ಲಿ ಅವರೇ ಆಯ್ಕೆಯಾದರು. ಅಂದರೆ ಯಾರೂ ಎಣಿಸದೆ ಇದ್ದಾಗ ಗೆದ್ದುಬಿಡುವವರಿಗೆ ಈ ಮಾತು. ಗೆಲ್ಲದೇ ಹೋಗಬಹುದಾದವರಿಗೆ ಇದನ್ನು ಅಂಟಿಸಿದರೆ ಅರ್ಥ ತಿರುಗುಮುರುಗಾಗುತ್ತದೆ.

ಮೂರನೆಯದು ನಮ್ಮದೇ ಮಾತು: ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಚಿಕ್ಕ ಮಕ್ಕಳನ್ನು ಅಳಿಸಬಾರದು ಅಂತ ಆಟಕ್ಕೆ ಸೇರಿಸಿಕೊಳ್ಳುತ್ತೇವಲ್ಲ, ಅವರು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಚುನಾವಣೆಯ ಸಣ್ಣಪುಟ್ಟ ಸ್ಪರ್ಧಿಗಳ ಬಗ್ಗೆ ಜನ ಸಲೀಸಾಗಿ ಹೀಗೆ ಹೇಳುತ್ತಾರೆ. ನಾನೂ ಮೊದಲ ಕರಡಿನಲ್ಲಿ ಇದನ್ನೇ ಬರೆದುಕೊಂಡೆ, ಓದಲು ಚೆನ್ನಾಗಿದೆ. ಆದರೆ ಪ್ರೈಮರಿಯ ಚರಿತ್ರೆ ನೋಡಿದರೆ ಈ ಮಾತು ನಿಲ್ಲುತ್ತದೆಯೇ ಎನ್ನುವುದೇ ನನ್ನ ಪ್ರಶ್ನೆ.

1968ರ ಮಾರ್ಚ್ 12ನ್ನು ತೆಗೆದುಕೊಳ್ಳಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿ. ಎದುರಿಗೆ ಇದ್ದವರು ಅಧಿಕಾರದಲ್ಲಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್. ವಿಯೆಟ್ನಾಂ ಯುದ್ಧ ನಿಲ್ಲಬೇಕು ಎಂದು ನಿಂತವರು ಮಿನೆಸೋಟಾದ ಸೆನೆಟರ್ ಯೂಜೀನ್ ಮೆಕಾರ್ಥಿ. ಅವರು ಗೆಲ್ಲುತ್ತಾರೆ ಅಂತ ರಾಜಕೀಯ ಬಲ್ಲವರು ಯಾರೂ ಅಂದುಕೊಂಡಿರಲಿಲ್ಲ. ಗೆಲ್ಲಲೂ ಇಲ್ಲ. ಜಾನ್ಸನ್ ಹೆಸರು ಮತಪತ್ರದಲ್ಲಿ ಇರಲಿಲ್ಲ, ಅವರ ಬೆಂಬಲಿಗರು ಹೆಸರು ಬರೆದು ವೋಟು ಹಾಕಿದರು. ಹಾಗಿದ್ದೂ ಜಾನ್ಸನ್‌ಗೆ ಸುಮಾರು ಶೇ 49, ಮೆಕಾರ್ಥಿಗೆ ಶೇ 42 ಬಂತು. ನಾಲ್ಕೇ ದಿನದಲ್ಲಿ ರಾಬರ್ಟ್ ಕೆನಡಿ ಕಣಕ್ಕಿಳಿದರು. ಮಾರ್ಚ್ 31ರ ರಾತ್ರಿ ಜಾನ್ಸನ್ ಟಿವಿಯಲ್ಲಿ ಮಾತಾಡಿ, ತಾವು ಮತ್ತೆ ನಿಲ್ಲುವುದಿಲ್ಲ ಎಂದರು. ಸೋತವರಿಗೆ ಬಿದ್ದ ವೋಟು ಒಬ್ಬ ಅಧ್ಯಕ್ಷರನ್ನು ಮನೆಗೆ ಕಳಿಸಿತು. ಇದನ್ನು ‘ಲೆಕ್ಕಕ್ಕಿಲ್ಲ’ ಅನ್ನುವುದು ಹೇಗೆ?

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ವರ್ಷ ಡೆಮಾಕ್ರಟಿಕ್ ಪಕ್ಷ ಆರಿಸಿದ್ದು ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನು. ಅಭ್ಯರ್ಥಿಯನ್ನು ತೀರ್ಮಾನಿಸುವ ಹೆಚ್ಚಿನ ಪ್ರತಿನಿಧಿಗಳು ಆಗ ಪಕ್ಷದ ಮುಖಂಡರ ಕೈಯಲ್ಲಿದ್ದರು. ಷಿಕಾಗೊ ಸಮಾವೇಶದ ಹೊರಗೆ ಬೀದಿಯಲ್ಲಿ ಗಲಾಟೆ, ಒಳಗೆ ಜಗಳ. ಆ ಸಿಟ್ಟಿನಿಂದ ಪಕ್ಷ ಒಂದು ಸಮಿತಿ ಮಾಡಿ ನಿಯಮಗಳನ್ನೇ ಬದಲಿಸಿತು. 1972ರಿಂದ ಪ್ರತಿನಿಧಿಗಳ ಆಯ್ಕೆ ಹೆಚ್ಚಾಗಿ ಮತದಾರರ ಕೈಗೆ ಬಂತು. ಇವತ್ತು ನಾವು ಪ್ರೈಮರಿ ಅಂತ ಯಾವುದನ್ನು ಕರೆಯುತ್ತೇವೋ ಅದಕ್ಕೆ ಬಲ ಬಂದದ್ದು ಆ ಸೋತ ಸ್ಪರ್ಧಿಗೆ ವೋಟು ಹಾಕಿದವರ ಸಿಟ್ಟಿನಿಂದಲೂ ಹೌದು.

ಆ 1972ರಲ್ಲೇ ಶರ್ಲಿ ಚಿಸಮ್ ನಿಂತರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ಮಯಾಮಿ ಬೀಚ್ ಸಮಾವೇಶದಲ್ಲಿ ಅವರಿಗೆ 152 ಪ್ರತಿನಿಧಿಗಳ ಮತ ಬಂತು. ಗೆಲುವಿನ ಹತ್ತಿರಕ್ಕೂ ಅದು ಬರಲಿಲ್ಲ. ಆದರೆ ಅಂಥವರೊಬ್ಬರು ಅಧ್ಯಕ್ಷ ಪದವಿ ಕೇಳಬಹುದು ಅಂತ ದೇಶ ಮೊದಲ ಸಲ ಕಣ್ಣಾರೆ ನೋಡಿತು. ಅದಕ್ಕೆ ಬೆಲೆ ಇಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಜಿಮ್ಮಿ ಕಾರ್ಟರ್. 1976ರ ಜನವರಿಯಲ್ಲಿ ಅಯೋವಾ ಕಾಕಸ್ (ಪಕ್ಷದ ಮತದಾರರು ಸಭೆ ಸೇರಿ ಆರಿಸುವ ಕ್ರಮ) ನಡೆದಾಗ ಜಾರ್ಜಿಯಾದ ಹೊರಗೆ ಅವರನ್ನು ಬಲ್ಲವರು ಕಡಿಮೆ. ಅಲ್ಲಿ ಎಲ್ಲರಿಗಿಂತ ಜಾಸ್ತಿ ಬಂದದ್ದು ‘ಯಾರನ್ನೂ ಇನ್ನೂ ಆರಿಸಿಲ್ಲ’ ಎಂದವರ ಸಂಖ್ಯೆ. ಎರಡನೆಯವರು ಕಾರ್ಟರ್, ಶೇ 28ರ ಆಸುಪಾಸು. ಅಷ್ಟರಿಂದಲೇ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ವರ್ಷ ಮುಗಿಯುವಷ್ಟರಲ್ಲಿ ಅಧ್ಯಕ್ಷ ಚುನಾವಣೆಯನ್ನೇ ಗೆದ್ದಿದ್ದರು. ಗೆಲ್ಲುವ ಹಾಗೆ ಕಾಣುವವರಿಗೆ ಮಾತ್ರ ವೋಟು ಅಂತ ಎಲ್ಲರೂ ಕೂತಿದ್ದರೆ ಅವರು ಗೆಲ್ಲುವ ಹಾಗೆ ಕಾಣುವುದು ಯಾವಾಗ?

ನನಗೆ ಅನ್ನಿಸುವುದು, ಗೊಂದಲದ ಮೂಲ ‘ಅಭ್ಯರ್ಥಿ’ ಎನ್ನುವ ಪದದಲ್ಲಿದೆ. ನಮ್ಮಲ್ಲಿ ಅಭ್ಯರ್ಥಿ ಅಂದರೆ ಬಿ ಫಾರಂ ಕೈಗೆ ಬಂದವರು. ಅದಕ್ಕೂ ಮೊದಲಿನವರು ‘ಟಿಕೆಟ್ ಆಕಾಂಕ್ಷಿಗಳು’. ಈ ವ್ಯತ್ಯಾಸ ಕನ್ನಡದಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಪ್ರತಿ ಚುನಾವಣೆಗೆ ಮುಂಚೆ ಜಿಲ್ಲಾ ಪುಟಗಳ ತುಂಬ ಆಕಾಂಕ್ಷಿಗಳೇ. ಪ್ರೈಮರಿಯಲ್ಲಿ ಇರುವವರೆಲ್ಲರೂ ಆಕಾಂಕ್ಷಿಗಳು, ಅಭ್ಯರ್ಥಿಗಳಲ್ಲ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಅಮೆರಿಕದಲ್ಲಿ ಕೊಡುವುದು ಮತದಾರರು. ಬಿ ಫಾರಂ ಯಾರಿಗೆ ಅಂತ ವೋಟು ಹಾಕಿ ತೀರ್ಮಾನಿಸುವುದೇ ಪ್ರೈಮರಿ. ಹಿರಿಯರಿಗೆ ಹೀಗೆ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ. ‘ಪ್ರಾಥಮಿಕ ಚುನಾವಣೆ’ ಎಂದರೆ ಆಗುವುದಿಲ್ಲ, ಅದು ಪ್ರಾಥಮಿಕ ಶಾಲೆಯನ್ನು ನೆನಪಿಸುತ್ತದೆ. ‘ಮೊದಲ ಸುತ್ತು’ ಅನ್ನುವುದು ಫ್ರಾನ್ಸಿನ ಪದ್ಧತಿಗೆ ಹೊಂದುತ್ತದೆ. ಹಾಗಾಗಿ ‘ಪ್ರೈಮರಿ’ ಅನ್ನುವುದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಆಕಾಂಕ್ಷಿ ಎಂದ ಕೂಡಲೇ ‘ಮತ ಒಡೆಯುವವರು’ ಎನ್ನುವ ಬೈಗುಳವೂ ಸಡಿಲವಾಗುತ್ತದೆ. 2000ದ ನವೆಂಬರಿನಲ್ಲಿ ಫ್ಲಾರಿಡಾದಲ್ಲಿ ಬುಷ್ ಮತ್ತು ಗೋರ್ ನಡುವಿನ ಅಂತರ 537 ವೋಟು. ಅಲ್ಲಿ ಮೂರನೇ ಪಕ್ಷದ ರಾಲ್ಫ್ ನೇಡರ್‌ಗೆ 97 ಸಾವಿರಕ್ಕೂ ಹೆಚ್ಚು ವೋಟು ಬಿದ್ದಿತ್ತು. ಆ ಬೈಗುಳ ಅಲ್ಲಿ ಕೇಳಿಬಂದದ್ದಕ್ಕೆ ಕಾರಣವಿದೆ. ಅದು ಕೊನೆಯ ಚುನಾವಣೆ, ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಇರಲಿಲ್ಲ. ಪ್ರೈಮರಿಯಲ್ಲಿ ಇಷ್ಟವಾದವರು ಸೋತರೆ ನವೆಂಬರಿನಲ್ಲಿ ಗೆದ್ದ ಅಭ್ಯರ್ಥಿಗೆ ವೋಟು ಹಾಕಬಹುದು. ಪಕ್ಷ ಬಿಟ್ಟುಹೋದ ಹಾಗೂ ಆಗುವುದಿಲ್ಲ.

ಆದರೆ ಎಲ್ಲ ಕಡೆ, ಎಲ್ಲ ಸಮಯದಲ್ಲೂ ಇದು ನಿಜ ಅಂತ ಬರೆದರೆ ಹಿರಿಯರಿಗೆ ಮೋಸವಾಗುತ್ತದೆ. 2016ರ ಸೌತ್ ಕರೊಲೈನಾ ರಿಪಬ್ಲಿಕನ್ ಪ್ರೈಮರಿಯನ್ನು ನೋಡಿ. ಡೊನಾಲ್ಡ್ ಟ್ರಂಪ್‌ಗೆ ಬಂದದ್ದು ಸುಮಾರು ಶೇ 32.5 ವೋಟು. ಗೆದ್ದವರಿಗೇ ಎಲ್ಲಾ ಎನ್ನುವ ಅಲ್ಲಿನ ನಿಯಮದಿಂದಾಗಿ 50ಕ್ಕೆ 50 ಪ್ರತಿನಿಧಿಗಳೂ ಅವರ ಪಾಲಾದರು. ಉಳಿದ ಮೂರರಲ್ಲಿ ಎರಡು ಪಾಲು ವೋಟು ರೂಬಿಯೊ, ಕ್ರೂಜ್, ಬುಷ್ ಮತ್ತಿತರರ ನಡುವೆ ಹಂಚಿಹೋಯಿತು, ಒಬ್ಬರಿಗೂ ಒಬ್ಬ ಪ್ರತಿನಿಧಿ ಸಿಗಲಿಲ್ಲ. ಇಲ್ಲಿ ‘ಮತ ಒಡೆಯಿತು’ ಎನ್ನುವುದು ಬೈಗುಳವಲ್ಲ, ಇದ್ದದ್ದನ್ನು ಹೇಳುವ ಮಾತು.

ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರತಿನಿಧಿಗಳನ್ನು ವೋಟಿನ ಪ್ರಮಾಣದಲ್ಲಿ ಹಂಚುತ್ತಾರೆ, ಆದರೆ ಶೇ 15 ದಾಟಿದವರಿಗೆ ಮಾತ್ರ. ಇಲ್ಲಿ ನನಗೆ ‘ಠೇವಣಿ’ ನೆನಪಾಯಿತು. ನಮ್ಮಲ್ಲಿ ಚಲಾವಣೆಯಾದ ಮತಗಳ ಆರನೇ ಒಂದು ಪಾಲು, ಅಂದರೆ ಶೇ 16.66 ದಾಟದಿದ್ದರೆ ಠೇವಣಿ ಹೋಗುತ್ತದೆ. ಎರಡು ಸಂಖ್ಯೆಗಳೂ ಹತ್ತಿರ ಹತ್ತಿರ ಇವೆ. ಹಾಗಂತ ‘ಠೇವಣಿ ಹೋಯಿತು’ ಎಂದು ಬರೆಯಬಹುದೇ? ಬೇಡ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಹೋಗುವುದು ಸ್ಪರ್ಧಿಯ ದುಡ್ಡು ಮತ್ತು ಮಾನ. ಅಲ್ಲಿ ಶೇ 15ರ ಕೆಳಗೆ ಉಳಿದರೆ ಆ ಸ್ಪರ್ಧಿಗೆ ಬಿದ್ದ ವೋಟು ಪ್ರತಿನಿಧಿಗಳ ಎಣಿಕೆಯಲ್ಲಿ ಏನೂ ತರುವುದಿಲ್ಲ. ನಷ್ಟ ಮತದಾರರದ್ದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2024ರಲ್ಲಿ ಹೆಸರು ನೋಂದಾಯಿಸಲು 1,000 ಡಾಲರ್ ಕಟ್ಟಿದರೆ ಸಾಕಿತ್ತು, ಎಷ್ಟು ವೋಟು ಬಂದರೂ ಅದು ವಾಪಸ್ ಬರುತ್ತಿರಲಿಲ್ಲ. ಆದ್ದರಿಂದ ಅದೂ ಠೇವಣಿಯಲ್ಲ, ಬರೀ ಶುಲ್ಕ.

‘ವೋಟು ಹಾಳಾಯ್ತು’ ಎನ್ನುವ ಮಾತು ನಿಜವಾಗಿ ಹೊಂದುವ ಒಂದು ಸಂದರ್ಭ ನನಗೆ ಕಂಡದ್ದು 2020ರದ್ದು. ಮಾರ್ಚ್ 3ಕ್ಕೆ ಹದಿನಾಲ್ಕು ರಾಜ್ಯಗಳಲ್ಲಿ ಒಟ್ಟಿಗೆ ಮತದಾನ. ಡೆಮಾಕ್ರಟಿಕ್ ಸ್ಪರ್ಧಿಗಳಾದ ಪೀಟ್ ಬುಟಿಜೆಜ್ ಮಾರ್ಚ್ 1ರಂದು, ಏಮಿ ಕ್ಲೊಬುಷಾರ್ ಮಾರ್ಚ್ 2ರಂದು ಕಣದಿಂದ ಹಿಂದೆ ಸರಿದರು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಂಥ ಕಡೆ ಎಷ್ಟೋ ಜನ ಅಂಚೆಯಲ್ಲಿ ಅವರಿಗೇ ವೋಟು ಕಳಿಸಿ ಆಗಿತ್ತು. ಅದನ್ನು ವಾಪಸ್ ಪಡೆಯುವ ಹಾಗಿರಲಿಲ್ಲ. ಹಾಗಾಗಿ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ಗೆಲುವು ದೂರವಿರುವವರಿಗೆ ವೋಟು ಹಾಕುವುದಿದ್ದರೆ ಲಕೋಟೆಯನ್ನು ತಿಂಗಳ ಮೊದಲೇ ಕಳಿಸಬೇಡಿ, ಅವರು ಇನ್ನೂ ಕಣದಲ್ಲಿದ್ದಾರಾ ನೋಡಿಕೊಂಡು ಕಳಿಸಿ.

ಇಂಥ ತೊಂದರೆಗೆ ಪರಿಹಾರ ಎನ್ನಬಹುದಾದ ಒಂದು ಕ್ರಮವೂ ಇದೆ: ಅದೇ ವರ್ಷ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ಗಳ ಡೆಮಾಕ್ರಟಿಕ್ ಪ್ರೈಮರಿ, ಕಾಕಸ್‌ಗಳಲ್ಲಿ ಸ್ಪರ್ಧಿಗಳಿಗೆ 1, 2, 3 ಅಂತ ಗುರುತು ಹಾಕುವ ಪದ್ಧತಿ ಇತ್ತು. ಮೊದಲನೆಯವರು ಶೇ 15 ಮುಟ್ಟದಿದ್ದರೆ ವೋಟು ಮುಂದಿನವರಿಗೆ ಹೋಗುತ್ತಿತ್ತು. ಇದಕ್ಕೆ ಪದ ಹುಡುಕುವ ಕಷ್ಟವೇ ಇಲ್ಲ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ವೋಟು ಹಾಕಿದವರಿಗೆಲ್ಲ ‘ಮೊದಲ ಪ್ರಾಶಸ್ತ್ಯದ ಮತ, ಎರಡನೇ ಪ್ರಾಶಸ್ತ್ಯದ ಮತ’ ಗೊತ್ತು. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರುಗಳಿಗಂತೂ ಇದು ನೀರು ಕುಡಿದಷ್ಟು ಸುಲಭ. ಇಂಥ ಪದ್ಧತಿ ಇರುವ ಕಡೆ ಮಾತ್ರ ಮನಸ್ಸು ಮೆಚ್ಚಿದವರಿಗೆ ಹೆದರದೆ 1 ಹಾಕಬಹುದು.

ಇನ್ನೊಂದು ಪದವನ್ನೂ ಕೇಳಬೇಕು. 2024ರ ಫೆಬ್ರುವರಿಯಲ್ಲಿ ಮಿಷಿಗನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಯಾರ ಹೆಸರಿಗೂ ವೋಟು ಹಾಕದೆ, ಮತಪತ್ರದಲ್ಲಿದ್ದ ‘ಯಾರಿಗೂ ಬದ್ಧರಲ್ಲ’ ಎನ್ನುವ ಆಯ್ಕೆಗೆ ಹಾಕಿದರು. ಗಾಜಾ ಯುದ್ಧದ ಬಗ್ಗೆ ಬೈಡನ್ ನಿಲುವಿಗೆ ವಿರೋಧ ತೋರಿಸುವುದು ಅದರ ಉದ್ದೇಶ. ಕನ್ನಡದಲ್ಲಿ ಇದನ್ನು ‘ನೋಟಾ’ ಎನ್ನುವ ಆಸೆ ಆಗುತ್ತದೆ. ಆದರೆ 2013ರಿಂದ ನಮ್ಮಲ್ಲಿರುವ ನೋಟಾಗೆ ಎಷ್ಟು ವೋಟು ಬಂದರೂ ಇದ್ದವರಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ. ಅಲ್ಲಿ ಆ ವೋಟಿಗೆ ಸಮಾವೇಶದಲ್ಲಿ ಪ್ರತಿನಿಧಿಗಳೂ ಸಿಗುತ್ತಾರೆ, ಮಿಷಿಗನ್‌ನಿಂದ ಇಬ್ಬರು ಸಿಕ್ಕರು. ಆದ್ದರಿಂದ ನೋಟಾ ಬೇಡ. ‘ಬದ್ಧವಲ್ಲದ ಮತ’ ಅಂದರೆ ಸ್ವಲ್ಪ ಒಣಗಿದಂತಿದೆ. ಇದಕ್ಕಿಂತ ಚೆನ್ನಾದದ್ದು ಇದೆಯೇ?

ಅದೇ ವರ್ಷ ಜನವರಿಯಲ್ಲಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೀನ್ ಫಿಲಿಪ್ಸ್ ಎಂಬ ಸಂಸದ ಬೈಡನ್ ಎದುರು ನಿಂತಿದ್ದರು. ಅಧ್ಯಕ್ಷರ ವಯಸ್ಸಿನ ಮಾತನ್ನು ಅವರು ಬಾಯಿಬಿಟ್ಟು ಹೇಳಿದರು. ಈ ಸಲವೂ ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರಲಿಲ್ಲ, ಜನ ಬರೆದು ಹಾಕಿದರು. ಫಿಲಿಪ್ಸ್‌ಗೆ ಸುಮಾರು ಶೇ 20 ಬಂತು. ಪಕ್ಷ ಅವರನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಜೂನ್ ಕೊನೆಯ ಟಿವಿ ಚರ್ಚೆಯಲ್ಲಿ ಬೈಡನ್ ತಡವರಿಸಿದ ಮೇಲೆ, ಜುಲೈ 21ರಂದು ಅವರು ಕಣದಿಂದ ಹಿಂದೆ ಸರಿದರು. ಅಷ್ಟರಲ್ಲಿ ಪ್ರೈಮರಿಗಳೆಲ್ಲ ಮುಗಿದಿದ್ದವು, ಮತದಾರರಿಗೆ ಆರಿಸುವ ಅವಕಾಶವೇ ಉಳಿದಿರಲಿಲ್ಲ. ಜನವರಿಯಲ್ಲಿ ಇನ್ನಷ್ಟು ಜನ ಅದೇ ಮಾತನ್ನು ವೋಟಿನಲ್ಲಿ ಹೇಳಿದ್ದರೆ ಪಕ್ಷಕ್ಕೆ ಯೋಚಿಸಲು ಸಮಯ ಸಿಗುತ್ತಿತ್ತು ಅಂತ ನಾನು ನಂಬುತ್ತೇನೆ.

ಹಾಗಾಗಿ ಕೈಪಿಡಿಯಲ್ಲಿ ನನ್ನ ಉತ್ತರ ಹೀಗಿದೆ. ಮೊದಮೊದಲ ರಾಜ್ಯಗಳಲ್ಲಿ, ಪ್ರತಿನಿಧಿಗಳನ್ನು ಪ್ರಮಾಣದಲ್ಲಿ ಹಂಚುವ ಕಡೆ, ಮನಸ್ಸಿಗೆ ಒಪ್ಪಿದವರಿಗೇ ಹಾಕಿ. ಗೆದ್ದವರಿಗೇ ಎಲ್ಲಾ ಎನ್ನುವ ನಿಯಮವಿದ್ದರೆ, ನಿಮಗೆ ಬೇಡವೇ ಬೇಡ ಅನ್ನಿಸುವವರು ಮುಂದಿದ್ದರೆ, ಎರಡು ಸಲ ಯೋಚಿಸಿ. ನಮ್ಮ ನ್ಯೂ ಜೆರ್ಸಿಯಲ್ಲಿ ಪ್ರೈಮರಿ ಸಾಮಾನ್ಯವಾಗಿ ಜೂನ್‌ನಲ್ಲಿ. ಬಹಳ ಸಲ ಅಷ್ಟೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಆಗ ಗೆಲ್ಲುವವರಿಗೆ ನಿಮ್ಮ ಒಂದು ವೋಟು ಸೇರಿದರೆ ವ್ಯತ್ಯಾಸ ಕಾಣುವುದಿಲ್ಲ. ಸೋಲುವವರಿಗೆ ಸೇರಿದರೆ ಅವರು ಎತ್ತಿದ ವಿಷಯಕ್ಕೆ ತೂಕ ಬರುತ್ತದೆ.

ಈಗ ಪದಕ್ಕೆ ಬರುತ್ತೇನೆ. ಸದ್ಯಕ್ಕೆ ‘ಗೆಲುವು ದೂರವಿರುವ ಆಕಾಂಕ್ಷಿ’ ಎಂದು ಬರೆದಿದ್ದೇನೆ. ಅರ್ಥ ಸರಿ ಇದೆ, ಆದರೆ ಉದ್ದವಾಯಿತು, ಪದೇ ಪದೇ ಬಂದರೆ ಓದುವವರಿಗೆ ಸುಸ್ತಾಗುತ್ತದೆ. ‘ದೂರದ ಆಕಾಂಕ್ಷಿ’ ಎಂದು ಮೊಟಕು ಮಾಡಿದರೆ ದೂರದ ಊರಿನವರು ಎನ್ನುವ ಅರ್ಥ ಬಂದೀತೇ? ಹಳೇ ಮೈಸೂರಿನ ಕಡೆಯ ಮಾತು ನನಗೆ ಗೊತ್ತು. ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಪಂಚಾಯಿತಿ ಚುನಾವಣೆಯಲ್ಲಿ ಇಂಥವರನ್ನು ಹೀಯಾಳಿಸದೆ ಕರೆಯುವ ಮಾತು ಏನಾದರೂ ಇದ್ದರೆ, ಯಾವ ಊರಿನದು ಅಂತಲೂ ಸೇರಿಸಿ ದಯವಿಟ್ಟು ತಿಳಿಸಿ.