ಕಪ್ಪು ದ್ರವ್ಯ: ನೆಪ್ಚೂನೋ, ವಲ್ಕನ್ನೋ?

ಪ್ರಶ್ನೆ:
ಯುರೇನಸ್‌ನ ಚಲನೆಯಲ್ಲಿದ್ದ ಏರುಪೇರನ್ನು ವಿವರಿಸಲು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಲೆವೆರಿಯೆ ಕಾಣದ ಗ್ರಹವೊಂದನ್ನು ಊಹಿಸಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ವಿಷಯದಲ್ಲಿಯೂ ಅದೇ ದಾರಿ ಹಿಡಿದು ವಲ್ಕನ್ ಎಂಬ ಗ್ರಹವನ್ನು ಊಹಿಸಿದರು; ಅದು ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಲೆಕ್ಕ ಸರಿಹೋಯಿತು. ಹಾಗಾದರೆ ಕಪ್ಪು ದ್ರವ್ಯ, ಅಂದರೆ ಬೆಳಕಿನಲ್ಲಿ ಕಾಣದೆ ಗುರುತ್ವದಿಂದಷ್ಟೇ ಇರವು ತೋರುತ್ತದೆ ಎಂದು ಊಹಿಸಿರುವ ದ್ರವ್ಯ, ಇವೆರಡರಲ್ಲಿ ಯಾವ ಜಾತಿಗೆ ಸೇರಿದ್ದು?

ಉತ್ತರ 1:
ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಸುತ್ತಿದರೆ, ಸೂರ್ಯನಿಂದ ಬಹುದೂರವಿರುವ ನೆಪ್ಚೂನ್‌ನ ವೇಗ 5.4 ಕಿ.ಮೀ. ಮಾತ್ರ. ಗೆಲಾಕ್ಸಿಯ ಅಂಚಿನಲ್ಲಿಯೂ ವೇಗ ಹೀಗೆಯೇ ಇಳಿಯಬೇಕಿತ್ತು. ಆದರೆ 1970ರಲ್ಲಿ ವೆರಾ ರುಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮೆಡಾ ಗೆಲಾಕ್ಸಿಯನ್ನು ಅಳೆದಾಗ ಆ ಇಳಿಕೆ ಕಾಣಲಿಲ್ಲ. ಅಂದರೆ, ಆ ವೇಗಕ್ಕೆ ಬೇಕಾದ ಗುರುತ್ವಕ್ಕೆ ಕಾಣುವ ದ್ರವ್ಯ ಸಾಲದು. 1933ರಲ್ಲಿಯೇ ಜ್ವಿಕಿ ಕೋಮಾ ಗೆಲಾಕ್ಸಿ ಗುಚ್ಛದಲ್ಲಿ ಇಂಥದೇ ಕೊರತೆಯನ್ನು ಗುರುತಿಸಿದ್ದರು.

ಉತ್ತರ 2:
ನಿಯಮವನ್ನು ಬದಲಿಸುವ ದಾರಿಯನ್ನು 1983ರಲ್ಲಿ ಭೌತವಿಜ್ಞಾನಿ ಮಿಲ್‌ಗ್ರೋಮ್ ತೋರಿಸಿದರು. ವೇಗೋತ್ಕರ್ಷವು ಭೂಮಿಯ ಮೇಲಿನ ಗುರುತ್ವದ ಸುಮಾರು 8 ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆಯಾದಾಗ ನ್ಯೂಟನ್‌ನ ನಿಯಮ ಬದಲಾಗುತ್ತದೆ ಎಂಬ ಈ ವಾದಕ್ಕೆ 'ಮಾಂಡ್' ಎಂದು ಹೆಸರು. ಇದನ್ನು ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಸುತ್ತುವ ವೇಗ ಎರಡು ಪಟ್ಟಿರುವ ಗೆಲಾಕ್ಸಿಯಲ್ಲಿ ಕಾಣುವ ದ್ರವ್ಯ ಸುಮಾರು ಹದಿನಾರು ಪಟ್ಟಿರುತ್ತದೆ. ಕಾಣದ ದ್ರವ್ಯವೇ ವೇಗವನ್ನು ನಿರ್ಧರಿಸುವುದಾದರೆ, ಕಾಣುವ ದ್ರವ್ಯದೊಂದಿಗೆ ಅದಕ್ಕೆ ಇಷ್ಟು ಬಿಗಿಯಾದ ನಂಟೇಕೆ? ಮಾಂಡ್‌ನಲ್ಲಿ ಈ ನಂಟು ಸಮೀಕರಣದಿಂದಲೇ ಹೊರಬರುತ್ತದೆ.

ಉತ್ತರ 3:
ಗೆಲಾಕ್ಸಿಗಳ ಮಟ್ಟಿಗೆ ಒಪ್ಪುತ್ತೇನೆ, ಗುಚ್ಛಗಳಲ್ಲಿ ಅಲ್ಲ. 2006ರ ಬುಲೆಟ್ ಗುಚ್ಛದ ಅಧ್ಯಯನವನ್ನು ನೋಡಿ. ಎರಡು ಗುಚ್ಛಗಳು ಒಂದರೊಳಗೊಂದು ಹಾದುಹೋದಾಗ, ಸಾಮಾನ್ಯ ದ್ರವ್ಯದ ಹೆಚ್ಚಿನ ಪಾಲಾದ ಬಿಸಿ ಅನಿಲ ಪರಸ್ಪರ ಡಿಕ್ಕಿ ಹೊಡೆದು ನಡುವೆ ಹಿಂದುಳಿಯಿತು. ಅದು ಎಕ್ಸ್-ರೇ ಚಿತ್ರದಲ್ಲಿ ಕಾಣುತ್ತದೆ. ದ್ರವ್ಯ ಎಲ್ಲಿ ಹೆಚ್ಚಿದೆಯೋ ಅಲ್ಲಿ ಅದರ ಗುರುತ್ವ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಆದರೆ ಈ ಗುಚ್ಛಗಳ ಹಿಂದೆ ದೂರದಲ್ಲಿರುವ ಗೆಲಾಕ್ಸಿಗಳ ಬೆಳಕು ಹೆಚ್ಚಾಗಿ ಬಾಗುವುದು ಅನಿಲದ ಸುತ್ತ ಅಲ್ಲ, ಮುಂದೆ ಸಾಗಿದ ಗೆಲಾಕ್ಸಿಗಳ ಸುತ್ತ. ಗುಚ್ಛಗಳಲ್ಲಿ ಮಾಂಡ್‌ಗೂ ಕಾಣದ ದ್ರವ್ಯ ಸ್ವಲ್ಪ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಆದರೆ ದಕ್ಷಿಣ ಡಕೋಟದಲ್ಲಿ ನೆಲದಡಿ ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, ಕಪ್ಪು ದ್ರವ್ಯದ ಕಣ ಬಂದು ತಾಕೀತೆಂದು ಟನ್‌ಗಟ್ಟಲೆ ದ್ರವ ಕ್ಸೆನಾನ್ ಇಟ್ಟುಕೊಂಡು ಕಾದರೂ ಅಂಥ ಒಂದು ಕಣವೂ ಖಚಿತವಾಗಿ ಸಿಕ್ಕಿಲ್ಲವಲ್ಲ?

ಉತ್ತರ 4:
ಸಿಕ್ಕಿಲ್ಲ, ನಿಜ, ಅದರಿಂದ ಕೆಲವು ಬಗೆಯ ಕಣಗಳ ಸಾಧ್ಯತೆ ಕುಗ್ಗಿದೆ, ಅಷ್ಟೆ. ನನಗೆ ಹೆಚ್ಚು ತೂಕದ್ದೆನಿಸುವ ಸಾಕ್ಷ್ಯ ಬ್ರಹ್ಮಾಂಡದ ಹಿನ್ನೆಲೆ ವಿಕಿರಣದ್ದು, ಅಂದರೆ ಆರಂಭದ ಬ್ರಹ್ಮಾಂಡದಿಂದ ಇಂದಿಗೂ ಬರುತ್ತಿರುವ ಬೆಳಕಿನದು. ಮೊದಲ 3.8 ಲಕ್ಷ ವರ್ಷಗಳಲ್ಲಿ ಗುರುತ್ವ ಒಳಕ್ಕೆಳೆದ ಸಾಮಾನ್ಯ ದ್ರವ್ಯವನ್ನು ಬೆಳಕಿನ ಒತ್ತಡ ಹೊರಕ್ಕೆ ತಳ್ಳುತ್ತಿತ್ತು. ಆ ತುಯ್ದಾಟದ ಗುರುತುಗಳು ಈ ವಿಕಿರಣದ ನಕ್ಷೆಯಲ್ಲಿ ಶಿಖರಗಳಾಗಿ ಕಾಣುತ್ತವೆ. ಅವುಗಳಲ್ಲಿ ಮೂರನೆಯ ಶಿಖರ ಇಷ್ಟು ಎತ್ತರವಿರಬೇಕಾದರೆ, ಬೆಳಕಿಗೆ ಜಗ್ಗದ ದ್ರವ್ಯ ಸಾಮಾನ್ಯ ದ್ರವ್ಯದ ಐದು ಪಟ್ಟಿನಷ್ಟು ಇರಬೇಕು. 2021ರಲ್ಲಿ ಸ್ಕೋರ್ಡಿಸ್ ಮತ್ತು ಜ್ಲಾಸ್ನಿಕ್ ಮಂಡಿಸಿದ ಮಾಂಡ್ ಮಾದರಿಯ ಸಿದ್ಧಾಂತವೂ ಈ ಶಿಖರಗಳಿಗೆ ಹೊಂದುತ್ತದೆ. ಆದರೆ ಅದಕ್ಕಾಗಿ ಅವರು ಸೇರಿಸಿದ ಹೊಸ ಕ್ಷೇತ್ರ ಆರಂಭದ ಬ್ರಹ್ಮಾಂಡದಲ್ಲಿ ಒತ್ತಡವಿಲ್ಲದ ಧೂಳಿನಂತೆಯೇ ವರ್ತಿಸುತ್ತದೆ. ಅದನ್ನು ನಿಯಮವೆನ್ನಬೇಕೋ ದ್ರವ್ಯವೆನ್ನಬೇಕೋ ಎಂದರೆ, ನಾನು ದ್ರವ್ಯದ ಕಡೆಗೇ ವಾಲುತ್ತೇನೆ.