ಆರ್‌ಒ ಸರ್ವಿಸ್‌ಗೆ ಬಂದವರು ₹7,800 ಅಂದಿದ್ದಾರೆ: ನಿಜವಾಗಿ ಕೆಟ್ಟಿರೋದು ಯಾವ ಪಾರ್ಟ್ ಅಂತ ತಿಳಿಯೋದು ಹೇಗೆ? (ಪ್ರಶ್ನೋತ್ತರ; ಸಾಲಿನ ಮೇಲಿರೋದು ಬರೆದವರ ಅಡ್ಡಹೆಸರು)

ಕೊಡಪಾನ:

ಕುಡಿಯೋ ನೀರು ಶುದ್ಧ ಮಾಡೋ ಮಷೀನು: ಆರ್‌ಒ + ಯುವಿ (ನೇರಳಾತೀತ ದೀಪ), 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಅಂದರೆ ಲವಣ ತಡೆಯೋ ಪೊರೆ, 8 ಲೀಟರ್ ಟ್ಯಾಂಕು. ನಾಲ್ಕು ವರ್ಷ ಹಳೇದು, ವಾರಂಟಿ ಮುಗಿದಿದೆ, ಎಎಂಸಿ (ವರ್ಷದ ಸರ್ವಿಸ್ ಒಪ್ಪಂದ) ಇಲ್ಲ. ಬೆಂಗಳೂರು, ಅಪಾರ್ಟ್‌ಮೆಂಟಿನ ಕೊನೇ ಮಹಡಿ. ಕಾವೇರಿ, ಬೋರು ಎರಡೂ ಒಂದೇ ಸಂಪಿಗೆ ಬೀಳುತ್ತೆ. ಮೊದಲು ಮುಕ್ಕಾಲು ಗಂಟೆಗೆ ತುಂಬುತ್ತಿದ್ದ ಟ್ಯಾಂಕಿಗೆ ಈಗ ನೂರು ನಿಮಿಷ ಬೇಕು. ಮೋಟಾರ್ ಸದ್ದೂ ಜಾಸ್ತಿಯಾಗಿದೆ.

ಸರ್ವಿಸ್‌ನವರ ಪಟ್ಟಿ: ಮೆಂಬ್ರೇನ್ ಹೋಗಿದೆ, ಪಂಪ್ ವೀಕ್, ಎಸ್‌ವಿ (ಕರೆಂಟ್ ಹೋದಾಗ ನೀರು ನಿಲ್ಲಿಸೋ ಸೊಲೆನಾಯ್ಡ್ ವಾಲ್ವ್) ಲೀಕ್, ಫಿಲ್ಟರ್ ಎಲ್ಲಾ ಬದಲಿಸಬೇಕು. ₹7,800. ಇವತ್ತೇ ಮಾಡಿಸಿದರೆ ₹6,500 ಅಂತೆ. ನಲ್ಲಿ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 620, ಮಷೀನಿನ ನೀರಿನದು 140 ತೋರಿಸಿ, "50 ಇರಬೇಕಿತ್ತು, ಮೆಂಬ್ರೇನ್ ಕೆಲಸ ಮಾಡ್ತಿಲ್ಲ" ಅಂದರು. ಆಮೇಲೆ ಎರಡು ಲೋಟಕ್ಕೆ ಕಂಬಿ ಇಳಿಬಿಟ್ಟು ಕರೆಂಟ್ ಕೊಟ್ಟರು. ನಲ್ಲಿ ನೀರು ಒಂದೇ ನಿಮಿಷಕ್ಕೆ ಕೆಸರಿನ ಹಾಗಾಯ್ತು. ಇನ್ನೂ ದುಡ್ಡು ಕೊಟ್ಟಿಲ್ಲ. ಇದರಲ್ಲಿ ಎಷ್ಟು ನಿಜ? ಮನೆಯಲ್ಲೇ ಏನೇನು ನೋಡಬಹುದು?

ಹನ್ನೊಂದು ವ್ಯಾಟ್:

ನಾಲ್ಕು ಅಳತೆ ತೆಗೆದುಕೊಂಡರೆ ಯಾವುದು ಕೆಟ್ಟಿದೆ ಅಂತ ಮಷೀನೇ ಹೇಳುತ್ತೆ. ಬೇಕಾಗಿರೋದು ಒಂದು ಟಿಡಿಎಸ್ ಮೀಟರ್ (ಇನ್ನೂರು ಮುನ್ನೂರು ರೂಪಾಯಿದು ಸಾಕು), ಮಿಲಿ ಗೆರೆ ಇರುವ ಅಳತೆ ಲೋಟ, ಮೊಬೈಲಿನ ಗಡಿಯಾರ.

1. ಒಳಗೆ ಬರುವ ನೀರಿನ ಟಿಡಿಎಸ್. ನಿಮ್ಮದು 620.

2. ಮೆಂಬ್ರೇನ್‌ನಿಂದ ನೇರ ಬರುವ ನೀರಿನ ಟಿಡಿಎಸ್. ಎಲ್ಲರೂ ಮೋಸ ಹೋಗೋದು ಇಲ್ಲೇ. ನಿಮ್ಮ ಕೈಗೆ ಸಿಗುವ 140ರ ನೀರಿನಲ್ಲಿ ಟಿಡಿಎಸ್ ಅಡ್ಜಸ್ಟರ್ ಬೆರೆಸಿದ ನೀರೂ ಇದೆ. ಅಡ್ಜಸ್ಟರ್ ಅಂದರೆ ಒಂದು ಸಣ್ಣ ಸ್ಕ್ರೂ ವಾಲ್ವ್, ಅಷ್ಟೆ. ಮೆಂಬ್ರೇನ್‌ಗೆ ಹೋಗದ ನೀರನ್ನು ಸ್ವಲ್ಪ ಶುದ್ಧ ನೀರಿಗೆ ಸೇರಿಸುತ್ತೆ. ಅದನ್ನು ಅರ್ಧ ಸುತ್ತು ಬಿಚ್ಚಿದರೆ ಯಾವ ಹೊಸ ಮೆಂಬ್ರೇನ್ ಬೇಕಾದರೂ "ಹೋಗಿದೆ" ಅಂತ ತೋರಿಸಬಹುದು. ಹಾಗಾಗಿ ನೀರನ್ನು ಮೆಂಬ್ರೇನ್ ಬಾಯಲ್ಲೇ ಹಿಡಿಯಬೇಕು. ಮೆಂಬ್ರೇನ್ ಇರುವ ಬಿಳಿ ಕೊಳವೆ ನೋಡಿ: ಒಂದು ತುದಿಗೆ ಒಂದೇ ಪೈಪು, ಅದು ಒಳಗೆ ಹೋಗೋದು. ಇನ್ನೊಂದು ತುದಿಗೆ ಎರಡು. ಅದರಲ್ಲಿ ನಡುವಿನದು ಶುದ್ಧ ನೀರು, ಪಕ್ಕದ್ದು ರಿಜೆಕ್ಟ್, ಅಂದರೆ ಹೊರಗೆ ಚೆಲ್ಲುವ ಲವಣದ ನೀರು. ಪ್ಲಗ್ ತೆಗೆದು, ನೀರಿನ ವಾಲ್ವ್ ಮುಚ್ಚಿ, ಕನೆಕ್ಟರ್‌ನ ಉಂಗುರವನ್ನು ಉಗುರಿನಿಂದ ಒಳಕ್ಕೆ ಒತ್ತಿಹಿಡಿದು ನಡುವಿನ ಪೈಪ್ ಎಳೆಯಿರಿ. ಅಲ್ಲಿಗೆ ಒಂದು ಪೈಪ್ ತುಂಡು ಸಿಕ್ಕಿಸಿ ಲೋಟಕ್ಕೆ ಬಿಡಿ.

ಮಷೀನ್ ಶುರು ಮಾಡಿದ ತಕ್ಷಣ ಅಳೆಯಬೇಡಿ. ರಾತ್ರಿಯೆಲ್ಲ ನಿಂತ ಮೆಂಬ್ರೇನ್‌ನಲ್ಲಿ ಲವಣ ಈ ಕಡೆಗೂ ನಿಧಾನವಾಗಿ ದಾಟಿರುತ್ತೆ, ಮೊದಲ ನೀರಿನ ಟಿಡಿಎಸ್ ಸುಮ್ಮನೆ ಜಾಸ್ತಿ ತೋರಿಸುತ್ತೆ. ಐದು ನಿಮಿಷ ಓಡಲಿ. ಆಮೇಲೆ ಲೆಕ್ಕ: 620ರಲ್ಲಿ ಬಂದ ಸಂಖ್ಯೆ ಕಳೆದು, ಉಳಿದದ್ದನ್ನು 620ರಿಂದ ಭಾಗಿಸಿ. ಶೇ 90ರ ಮೇಲಿದ್ದರೆ ಮೆಂಬ್ರೇನ್ ಗಟ್ಟಿಯಾಗಿದೆ. 80ಕ್ಕಿಂತ ಕೆಳಗೆ ಹೋದರೆ ಬದಲಿಸುವ ಮಾತು.

3. ಶುದ್ಧ ನೀರು ನಿಮಿಷಕ್ಕೆ ಎಷ್ಟು ಮಿಲಿ. 75 ಜಿಪಿಡಿ ಅಂದರೆ ದಿನಕ್ಕೆ 284 ಲೀಟರ್, ನಿಮಿಷಕ್ಕೆ ಸುಮಾರು 197 ಮಿಲಿ. ಅದು 25 ಡಿಗ್ರಿಯ ನೀರಿಗೆ, ಪೂರ್ತಿ ಒತ್ತಡ ಇದ್ದರೆ. ನೀರು ತಣ್ಣಗಾದಂತೆ ಒಂದು ಡಿಗ್ರಿಗೆ ಶೇ 3ರಷ್ಟು ಇಳಿಯುತ್ತೆ, ಡಿಸೆಂಬರ್ ಬೆಳಿಗ್ಗೆ ಕಡಿಮೆ ಬಂದರೆ ಗಾಬರಿ ಬೇಡ. ನಿಮ್ಮದು 8 ಲೀಟರ್‌ಗೆ ನೂರು ನಿಮಿಷ, ಅಂದರೆ 80 ಮಿಲಿ. ಇದು ಚಳಿಯ ಕಡಿಮೆ ಅಲ್ಲ, ತೊಂದರೆ ಇದೆ.

4. ರಿಜೆಕ್ಟ್ ಪೈಪಿನ ನೀರು ನಿಮಿಷಕ್ಕೆ ಎಷ್ಟು. ಆ ಪೈಪಿನ ದಾರಿಯಲ್ಲಿ ಬೆರಳುದ್ದದ ಎಫ್‌ಆರ್ (ಹರಿವು ತಡೆಯೋ ಫ್ಲೋ ರಿಸ್ಟ್ರಿಕ್ಟರ್) ಇರುತ್ತೆ, ಮೇಲೆ 300, 450 ಹೀಗೆ ಬರೆದಿರುತ್ತೆ. ಹೆಚ್ಚುಕಮ್ಮಿ ಅಷ್ಟೇ ಮಿಲಿ ಬರಬೇಕು. ಬಹಳ ಜಾಸ್ತಿ ಬಂದು ಶುದ್ಧ ನೀರು ಕಡಿಮೆಯಾದರೆ ಎಫ್‌ಆರ್ ಸಡಿಲ. ಕಟ್ಟಿಕೊಂಡಿದ್ದರೆ ರಿಜೆಕ್ಟ್ ತೀರಾ ಕಡಿಮೆಯಾಗಿ ಮೆಂಬ್ರೇನ್ ಮೇಲೆ ಲವಣ ಗಾರೆಯ ಹಾಗೆ ಕಟ್ಟಿ ಕೂರುತ್ತೆ. ನೂರು ರೂಪಾಯಿ ಆಸುಪಾಸಿನ ಪಾರ್ಟು. ಇದು ಕೆಟ್ಟಾಗಲೇ ಹೆಚ್ಚು ಜನಕ್ಕೆ ಪಂಪ್, ಮೆಂಬ್ರೇನ್ ಎರಡೂ ಮಾರೋದು.

ಶುದ್ಧ, ರಿಜೆಕ್ಟ್ ಎರಡೂ ಒಟ್ಟಿಗೆ ಇಳಿದಿದ್ದರೆ ಪಂಪಿಗೆ ನೀರೇ ಸಾಲುತ್ತಿಲ್ಲ. ಹೊಟ್ಟೆಗಿಲ್ಲದ ಪಂಪ್ ಗೊರಗೊರ ಅನ್ನುತ್ತೆ. ಆ ಸದ್ದಿಗೇ "ಪಂಪ್ ವೀಕ್" ಅಂದುಬಿಡ್ತಾರೆ. ಪ್ರೀ ಕಾರ್ಬನ್ ಫಿಲ್ಟರ್‌ನಿಂದ (ಪಂಪಿಗೆ ಮುಂಚಿನ, ಕ್ಲೋರಿನ್ ತೆಗೆಯೋ ಫಿಲ್ಟರ್) ಹೊರಬರುವ ಪೈಪ್ ಬಿಚ್ಚಿ, ಮಷೀನ್ ಆಫ್ ಇಟ್ಟು, ಬರೀ ನಲ್ಲಿಯ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಬರುತ್ತೆ ನೋಡಿ. ಎಫ್‌ಆರ್ 450 ಆದರೆ ಪಂಪಿಗೆ ಶುದ್ಧ 200 + ರಿಜೆಕ್ಟ್ 450, ಅಂದರೆ 650 ಮಿಲಿ ಬೇಕೇ ಬೇಕು. ಒಂದು ಲೀಟರಿಗಿಂತ ಮೇಲೆ ಬಂದರೆ ನಿಶ್ಚಿಂತೆ. ನೀವು ಕೊನೇ ಮಹಡಿ. ಓವರ್‌ಹೆಡ್ ಟ್ಯಾಂಕ್ ತಲೆ ಮೇಲೇ ಇರೋದರಿಂದ ಹತ್ತು ಅಡಿ ಎತ್ತರಕ್ಕೆ ಸಿಗೋ ಒತ್ತಡ ಬರೀ ನಾಲ್ಕು ಪಿಎಸ್‌ಐ ಚಿಲ್ಲರೆ. ಕೆಳಮನೆಯಲ್ಲಿ ಆರು ತಿಂಗಳು ಬರುವ ಕ್ಯಾಂಡಲ್ (ಹೊರಗಿನ ಬೌಲ್‌ನಲ್ಲಿ ಮಣ್ಣು ಹಿಡಿಯೋ ಫಿಲ್ಟರ್) ನಿಮ್ಮಲ್ಲಿ ಮೂರಕ್ಕೇ ಕಟ್ಟಿಕೊಂಡೀತು. ಮಷೀನಿಗೆ ಹೋಗುವ ವಾಲ್ವ್‌ನ ಹಿಡಿ ಪೈಪಿನ ಉದ್ದಕ್ಕೇ ಇದೆಯಾ ಅಂತಲೂ ನೋಡಿ. ಸರ್ವಿಸ್ ಮುಗಿಸಿ ಹೋಗುವಾಗ ಅರ್ಧ ಅಡ್ಡ ತಿರುಗಿಸಿ, ಹದಿನೈದು ದಿನಕ್ಕೆ ಮತ್ತೆ ಕರೆಸಿಕೊಳ್ಳೋರಿದ್ದಾರೆ.

ಎಸ್‌ವಿ ಲೀಕಿಗೆ ಪರೀಕ್ಷೆ ಇನ್ನೂ ಸುಲಭ. ಮಷೀನ್ ಓಡುವಾಗ ಪ್ಲಗ್ ತೆಗೆಯಿರಿ. ರಿಜೆಕ್ಟ್ ಒಂದೆರಡು ನಿಮಿಷದಲ್ಲಿ ನಿಂತರೆ ಎಸ್‌ವಿ ಸರಿ ಇದೆ, ಸುರೀತಾನೇ ಇದ್ದರೆ ಹೋಗಿದೆ.

ಕಂಬಿ ಲೋಟ:

ಆ ಕಂಬಿ ಆಟದ ಬಗ್ಗೆ. ಆ ಡಬ್ಬಿಯಲ್ಲಿ ಒಂದು ಕಬ್ಬಿಣದ ಕಂಬಿ, ಒಂದು ಅಲ್ಯುಮಿನಿಯಂ ಕಂಬಿ ಇರುತ್ತೆ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕರೆಂಟ್ ಹರಿದರೆ ಕಬ್ಬಿಣ ಕರಗುತ್ತೆ. ಮೇಲೆ ತೇಲುವ ಕಂದು, ಹಸಿರುಗಪ್ಪು ಕೆಸರು ಆ ಕಂಬಿಯದ್ದೇ ತುಕ್ಕು, ನಿಮ್ಮ ನಲ್ಲಿಯದ್ದಲ್ಲ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯಲ್ಲ, ತಿಳಿಯಾಗೇ ಉಳಿಯುತ್ತೆ. ಮುಂದಿನ ಸಲ ಬಂದರೆ ಆ ತಿಳಿ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಂಬಿ ಇಡೋಕೆ ಹೇಳಿ. ಅದೂ ಕೆಸರಾಗುತ್ತೆ, ಮಾತು ಅಲ್ಲಿಗೆ ನಿಲ್ಲುತ್ತೆ.

140 ಟಿಡಿಎಸ್ ಕುಡಿಯೋಕೆ ಕೆಟ್ಟದ್ದೂ ಅಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 500ರವರೆಗೆ ಸರಿ, ಬೇರೆ ನೀರೇ ಸಿಗದ ಕಡೆ 2000ದವರೆಗೂ ಬಿಟ್ಟಿದ್ದಾರೆ. ಬರೀ ಕಾವೇರಿ ಬರುವ ಮನೆಗೆ ಆರ್‌ಒ ಮಾರಿದ್ದೇ ಮೊದಲ ಮೋಸ, ಅಲ್ಲಿ ಯುವಿ, ಯುಎಫ್ (ಲವಣ ತೆಗೆಯದೆ ಕೊಳೆ, ಕ್ರಿಮಿ ಸೋಸೋ ಫಿಲ್ಟರ್) ಸಾಕು. ನಿಮ್ಮ 620ಕ್ಕೆ ಆರ್‌ಒ ಇರಲಿ.

ಪಾರ್ಟ್ ಅದಲುಬದಲು ಇದಕ್ಕಿಂತ ದೊಡ್ಡ ನಷ್ಟ. ಚೆನ್ನಾಗಿರೋ ಒರಿಜಿನಲ್ ಪಂಪ್ ಬಿಚ್ಚಿ "ಸ್ಕ್ರಾಪ್ ಸರ್, ನಾನೇ ತಗೊಂಡು ಹೋಗ್ತೀನಿ" ಅಂತಾರೆ. ಅದು ಇನ್ನೊಬ್ಬರ ಮನೆಯಲ್ಲಿ ಹೊಸದಾಗುತ್ತೆ. ಅವರು ಬರೋಕೆ ಮುಂಚೆ ಪಂಪ್, ಎಸ್‌ಎಂಪಿಎಸ್ (ಕರೆಂಟ್ ಕೊಡೋ ಅಡಾಪ್ಟರ್), ಎಸ್‌ವಿ, ಮೆಂಬ್ರೇನ್ ಕೊಳವೆ ಎಲ್ಲದರ ಫೋಟೋ ಸೀರಿಯಲ್ ನಂಬರ್ ಕಾಣೋ ಹಾಗೆ ತೆಗೆದಿಡಿ. ಕಣ್ಣಿಗೆ ಬೀಳದ ಜಾಗದಲ್ಲಿ ಮಾರ್ಕರ್‌ನಿಂದ ಒಂದು ಚುಕ್ಕೆ ಇಡಿ. ಬಿಚ್ಚಿದ ಪಾರ್ಟ್ ಎಲ್ಲಾ ಇಲ್ಲೇ ಇರಬೇಕು ಅಂತ ಕೆಲಸಕ್ಕೆ ಮುಂಚೆಯೇ ಹೇಳಿ. ಬರೀ ಈ ಮಾತಿಗೇ ಪಟ್ಟಿ ಅರ್ಧ ಇಳಿಯುತ್ತೆ.

ಹೊಸ ಮೆಂಬ್ರೇನ್ ಅಂದರೆ ಸೀಲ್ ಆದ ಕವರ್ ನಿಮ್ಮ ಎದುರಿಗೇ ಹರಿಯಬೇಕು. ಡ್ರೈ ಮೆಂಬ್ರೇನ್ ಕೈಗೆ ಹಗುರ, ಬಳಸಿದ್ದು ನೀರು ಕುಡಿದು ಭಾರ. ಕೆಲವು ಕಂಪನಿಯವು ದ್ರಾವಣದಲ್ಲಿ ಒದ್ದೆಯಾಗೇ ಬರ್ತವೆ, ಹಾಗಾಗಿ ಬರೀ ತೂಕ ನಂಬಬೇಡಿ, ತುದಿ ನೋಡಿ. ಸುರುಳಿಯ ಅಂಚು ಬೆಳ್ಳಗಿರಬೇಕು. ಕಂದು ಗೆರೆ ಇದ್ದರೆ, ಓ-ರಿಂಗ್ (ರಬ್ಬರ್ ಬಳೆ) ಮೇಲೆ ಹಳೇ ಗುರುತು ಇದ್ದರೆ ಬೇಡ ಅನ್ನಿ. ಹಾಕಿದ ಮೇಲೆ ಮೊದಲ ಅರ್ಧ ಮುಕ್ಕಾಲು ಗಂಟೆಯ ನೀರು ಚರಂಡಿಗೆ.

ಹೊರಗಿನ ಬೌಲ್‌ನಲ್ಲಿರೋ ಸ್ಪನ್ ಕ್ಯಾಂಡಲ್ ಕಂದಾಗಿದ್ದರೆ ಹೆದರಬೇಡಿ. ಮಣ್ಣು ಹಿಡಿಯೋದೇ ಅದರ ಕೆಲಸ. ನೂರು ನೂರೈವತ್ತರ ಕ್ಯಾಂಡಲ್ ಹಿಡಿದು ತೋರಿಸಿ "ಒಳಗೆಲ್ಲಾ ಹೀಗೇ ಇದೆ" ಅನ್ನೋದು ಹಳೇ ನಾಟಕ. ಪ್ಯಾನೆಲ್ ಮೇಲೆ ಮಿಣುಕೋ "ಫಿಲ್ಟರ್ ಬದಲಿಸಿ" ದೀಪವೂ ಎಷ್ಟೋ ಮಾಡೆಲ್‌ಗಳಲ್ಲಿ ಬರೀ ಗಂಟೆಯನ್ನೋ ಲೀಟರನ್ನೋ ಎಣಿಸುತ್ತೆ, ನೀರನ್ನು ನೋಡಿರಲ್ಲ.

ಗಡಿಸೀಮೆ:

ಮೇಲಿನ ಅಡ್ಜಸ್ಟರ್ ಮಾತಿಗೆ ಒಂದು ಸೇರಿಸ್ತೀನಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್ ನೀರು ಕುಡಿಯೋರಿಗೆ ಇದು ದುಡ್ಡಿನ ವಿಷಯ ಅಲ್ಲ, ಹಲ್ಲು ಮೂಳೆ ವಿಷಯ. ಫ್ಲೋರೈಡ್ ಟಿಡಿಎಸ್ ಮೀಟರ್‌ನಲ್ಲಿ ಬೇರೆಯಾಗಿ ಕಾಣಲ್ಲ. ಕಾರ್ಬನ್, ಯುವಿ, ಯುಎಫ್ ಯಾವುದೂ ಅದನ್ನ ತೆಗೆಯಲ್ಲ. ಕಾಯಿಸಿದರೆ ನೀರು ಇಂಗಿ ಇನ್ನೂ ಗಟ್ಟಿಯಾಗುತ್ತೆ. "ಟೇಸ್ಟ್ ಬರಲಿ" ಅಂತ ಸರ್ವಿಸ್‌ನವನು ಅಡ್ಜಸ್ಟರ್ ಬಿಚ್ಚಿದರೆ, ಮೆಂಬ್ರೇನ್ ತೆಗೆದ ಫ್ಲೋರೈಡ್ ವಾಪಸ್ ಲೋಟಕ್ಕೆ. ಬೋರ್‌ನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಅನ್ನಿ. ಮೆಂಬ್ರೇನ್ ಅದನ್ನ 0.3ಕ್ಕೆ ಇಳಿಸಿದರೂ, ನಾಲ್ಕರಲ್ಲಿ ಒಂದು ಪಾಲು ಹಸಿ ನೀರು ಬೆರೆತರೆ ಮತ್ತೆ ಒಂದರ ಹತ್ತಿರ. ಐಎಸ್ 10500ರ ಮಿತಿ 1, ಬೇರೆ ದಾರಿ ಇಲ್ಲದಿದ್ದರೆ 1.5. ಈ ಕಡೆಯವರು ಅಡ್ಜಸ್ಟರ್ ಪೂರ್ತಿ ಮುಚ್ಚಿಸಿ. ವರ್ಷಕ್ಕೊಂದು ಸಲ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಹಸಿ ನೀರು, ಮಷೀನ್ ನೀರು ಎರಡೂ ಕೊಡಿ. ಗಾಜಿನ ಬಾಟ್ಲಿ ಬೇಡ, ಪ್ಲಾಸ್ಟಿಕ್‌ದು.

ರಸೀದಿ ಕೊಡಿ:

ಆ ಟೆಕ್ನಿಷಿಯನ್ ನಂಬರ್ ಎಲ್ಲಿ ಸಿಕ್ತು? ಗೂಗಲ್‌ನಲ್ಲಿ ಕಂಪನಿ ಹೆಸರಿನ ಜೊತೆ "ಕಸ್ಟಮರ್ ಕೇರ್" ಅಂತ ಹುಡುಕಿದಾಗ ಮೇಲೆ ಬರೋ ಮೊಬೈಲ್ ನಂಬರ್‌ಗಳಲ್ಲಿ ಕಂಪನಿಗೆ ಸಂಬಂಧವೇ ಇಲ್ಲದವು ಬೇಕಾದಷ್ಟಿವೆ. ಮಷೀನಿನ ಬೆನ್ನಿಗೆ ಅಂಟಿಸಿರೋ ಸ್ಟಿಕರ್ ಅಥವಾ ಯೂಸರ್ ಮ್ಯಾನ್ಯುಯಲ್‌ನ ನಂಬರ್ ಮಾತ್ರ ಬಳಸಿ. "ನಿಮ್ಮ ಸರ್ವಿಸ್ ಡ್ಯೂ ಆಗಿದೆ" ಅಂತ ತಾವಾಗೇ ಫೋನ್ ಮಾಡೋರಿಗೆ ಒಂದೇ ಪ್ರಶ್ನೆ: ನಮ್ಮ ಮಷೀನಿನ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಂಕಿ ಹೇಳಿ. ಸಾಮಾನ್ಯವಾಗಿ ಫೋನ್ ಕಟ್. ಬುಕಿಂಗ್‌ಗೆ ಹತ್ತು ರೂಪಾಯಿ ಲಿಂಕ್ ಕಳಿಸಿದರೆ, ಸ್ಕ್ರೀನ್ ಹಂಚಿಕೊಳ್ಳೋ ಆ್ಯಪ್ ಹಾಕಿಕೊಳ್ಳಿ ಅಂದರೆ ಮುಟ್ಟಬೇಡಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ (ಸೈಬರ್ ವಂಚನೆ ಸಹಾಯವಾಣಿ) ಫೋನ್ ಮಾಡಿ.

ಎಎಂಸಿ ತಗೊಳ್ಳೋದಾದರೆ ಏನೇನು ಸೇರಿಲ್ಲ ಅನ್ನೋ ಸಾಲು ಮೊದಲು ಓದಿ. ಬರೀ ಸರ್ವಿಸ್‌ನ ಎಎಂಸಿ ಅಂದರೆ ಅವರು ಬಂದು ನೋಡಿ ಹೋಗೋದು, ಅಷ್ಟೇ. ಮೆಂಬ್ರೇನ್ ಸೇರಿದೆ ಅಂದರೆ ಎಷ್ಟು ಸಲ, ಟಿಡಿಎಸ್ ಎಷ್ಟರವರೆಗೆ ಅಂತ ಬರವಣಿಗೆಯಲ್ಲಿ ಕೇಳಿ. 620 ಇರೋರಿಗೆ ಇದು ಮುಖ್ಯ. ಬಿಲ್‌ನಲ್ಲಿ "ಫಿಲ್ಟರ್ ಸೆಟ್" ಅಂತ ಒಂದು ಸಾಲು ಸಾಲದು. ಒಂದೊಂದು ಪಾರ್ಟ್ ಹೆಸರು, ಬೆಲೆ, ಹೊಸ ಪಾರ್ಟ್‌ನ ಸೀರಿಯಲ್, ಎಷ್ಟು ತಿಂಗಳ ವಾರಂಟಿ, ಜಿಎಸ್‌ಟಿ ನಂಬರ್ ಇರಲಿ. ಬಿಲ್ ಇದ್ದರೆ 1915ಕ್ಕೆ (ರಾಷ್ಟ್ರೀಯ ಗ್ರಾಹಕ ಸಹಾಯವಾಣಿ) ದೂರು ಕೊಡೋಕೆ ಆಧಾರ ಇರುತ್ತೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ.

"ಇವತ್ತೇ ಮಾಡಿಸಿದರೆ ₹6,500" ಅಂದವರಿಗೆ ವಿಸಿಟಿಂಗ್ ಚಾರ್ಜ್ ಕೊಟ್ಟು ಕಳಿಸಿ. ನಾಳೆವರೆಗೆ ಕ್ಯಾನ್ ನೀರು ತರಿಸಿದರಾಯ್ತು.

ಕೊಡಪಾನ:

ಎಲ್ಲಾ ಅಳೆದೆ. ಅಡ್ಜಸ್ಟರ್ ಬೆರೆಯೋಕೆ ಮುಂಚೆ, ಮೆಂಬ್ರೇನ್ ಬಾಯಲ್ಲಿ 62. ಶುದ್ಧ ನೀರು 80 ಮಿಲಿ, ರಿಜೆಕ್ಟ್ 310 ಮಿಲಿ, ಎಫ್‌ಆರ್ ಮೇಲೆ 450 ಅಂತಿದೆ. ಕಾರ್ಬನ್ ನಂತರದ ಪೈಪಿನಲ್ಲಿ ನಿಮಿಷಕ್ಕೆ 400 ಮಿಲಿ ಮಾತ್ರ. ಪ್ಲಗ್ ತೆಗೆದಾಗ ರಿಜೆಕ್ಟ್ ನಿಂತಿತು. ಆಮೇಲೆ ಹೊರಗಿನ ಬೌಲ್‌ನ ಕ್ಯಾಂಡಲ್ ತೆಗೆದು ಖಾಲಿ ಬೌಲ್ ಹಾಕಿ ನೋಡಿದೆ: ಅದೇ ಪೈಪಿನಲ್ಲಿ ಒಂದೂವರೆ ಲೀಟರ್! ಐದು ನಿಮಿಷ ಓಡಿಸಿದಾಗ ಶುದ್ಧ ನೀರು 165, ರಿಜೆಕ್ಟ್ 430, ಟಿಡಿಎಸ್ 48. ಪಂಪಿನ ಸದ್ದೂ ಇಳೀತು. ಆದರೆ ಟಿಡಿಎಸ್ 62ರಿಂದ 48ಕ್ಕೆ ಯಾಕೆ ಇಳೀತು? ಮೆಂಬ್ರೇನ್ ಅದೇ ತಾನೆ?

ಹನ್ನೊಂದು ವ್ಯಾಟ್:

ಅದೇ ಮೆಂಬ್ರೇನ್, ಒತ್ತಡ ಬೇರೆ. ಒತ್ತಡ ಕಮ್ಮಿಯಾದರೆ ನೀರು ದಾಟೋದು ಕಮ್ಮಿ, ಲವಣ ಮಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ ದಾಟುತ್ತೆ. ಸ್ವಲ್ಪ ನೀರಿಗೆ ಅಷ್ಟೇ ಲವಣ, ಹಾಗಾಗಿ ಟಿಡಿಎಸ್ ಮೇಲೇರುತ್ತೆ. 62 ಇದ್ದಾಗಲೇ ಶೇ 90 ತಡೀತಿತ್ತು, ಈಗ 92. ಮೆಂಬ್ರೇನ್ ಮುಟ್ಟಬೇಡಿ. ಅವರು ತೋರಿಸಿದ 140ರಲ್ಲಿ ಏಳನೇ ಒಂದು ಪಾಲು ಅಡ್ಜಸ್ಟರ್ ನೀರು. ಪಂಪ್, ಎಸ್‌ವಿ, ಎಫ್‌ಆರ್ ಮೂರೂ ಸರಿ ಇವೆ.

ಖಾಲಿ ಬೌಲ್‌ನಲ್ಲಿ ಓಡಿಸುತ್ತಾ ಇರಬೇಡಿ, ಮಣ್ಣು ಒಳಗಿನ ಫಿಲ್ಟರಿಗೆ ಬರುತ್ತೆ. ಹತ್ತು ಇಂಚಿನ 5 ಮೈಕ್ರಾನ್ ಸ್ಪನ್ ಎರಡು ತನ್ನಿ, ಒಂದು ಈಗ, ಒಂದು ಮೂರು ತಿಂಗಳಿಗೆ. ಒಳಗಿನ ಸೆಡಿಮೆಂಟ್, ಪ್ರೀ ಕಾರ್ಬನ್ ಹಾಕಿ ವರ್ಷ ದಾಟಿದ್ದರೆ ಅವೆರಡನ್ನೂ ಬದಲಿಸಿ. ಕಾರ್ಬನ್ ದಣಿದರೆ ಕಾವೇರಿ ನೀರಿನ ಕ್ಲೋರಿನ್ ನೇರ ಮೆಂಬ್ರೇನ್ ತಿನ್ನುತ್ತೆ. ಹೊಸ ಕಾರ್ಬನ್‌ನಿಂದ ಮೊದಲು ಕಪ್ಪು ನೀರು ಬರುತ್ತೆ. ಮುಂದಿನ ಪೈಪ್ ಸಿಕ್ಕಿಸೋಕೆ ಮುಂಚೆ ತಿಳಿಯಾಗೋವರೆಗೆ ಬಕೆಟ್‌ಗೆ ಬಿಡಿ.

ಬೌಲ್ ಮುಚ್ಚುವಾಗ ಓ-ರಿಂಗ್ ಮತ್ತೆ ತನ್ನ ತೋಡಿನಲ್ಲೇ ಕೂತಿದೆಯಾ ಬೆರಳಾಡಿಸಿ ನೋಡಿ. ಒಣಗಿದ್ದರೆ ಸಿಲಿಕೋನ್ ಗ್ರೀಸ್, ಇಲ್ಲದಿದ್ದರೆ ಬರೀ ನೀರು ಸವರಿ. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬಿಕೊಳ್ಳುತ್ತೆ. ಕೈಬಿಗಿ ಸಾಕು, ಸ್ಪ್ಯಾನರ್ ಬಿಚ್ಚೋಕೆ ಮಾತ್ರ.