ಹದಿಹರೆಯದವರಿಗೆ ಎದುರಿನವರ ಮನಸ್ಸು ಊಹಿಸುವುದು ಕಲಿಸೋದು ಹೇಗೆ? ಮುಖದ ಕಾರ್ಡ್ ಸಾಕಾಗ್ತಿಲ್ಲ

ದಾವಣಗೆರೆ_ವಾಕ್

ನಾನು ಸ್ಪೀಚ್ ಥೆರಪಿಸ್ಟ್, ಕೆಲಸಕ್ಕೆ ಹೊಸಬಳು. ಇಲ್ಲಿವರೆಗೆ ಚಿಕ್ಕ ಮಕ್ಕಳೇ ಜಾಸ್ತಿ ಬರುತ್ತಿದ್ದರು. ಈಗ ಎಂಟು, ಒಂಬತ್ತನೇ ಕ್ಲಾಸಿನ ಕೆಲವು ಹುಡುಗರು ಬರುತ್ತಿದ್ದಾರೆ. ಆಟಿಸಂ ಇದೆ, ಮಾತು ಚೆನ್ನಾಗಿಯೇ ಇದೆ. ಕಾರ್ಡ್ ತೋರಿಸಿದರೆ ಸಿಟ್ಟು, ಹೆದರಿಕೆ, ಬೇಜಾರು ಅಂತ ಪಟಪಟ ಹೇಳುತ್ತಾರೆ. ಆದರೆ ಗೆಳೆಯ "ಆಯ್ತು ಬಿಡು" ಅಂತ ಮುಖ ತಿರುಗಿಸಿದರೆ, ಆಯ್ತು ಅಂದನಲ್ಲ ಅಂದುಕೊಂಡು ಅದೇ ಮಾತು ಮುಂದುವರಿಸುತ್ತಾರೆ. ಸಿಗುವ ವರ್ಕ್‌ಶೀಟ್‌ಗಳೆಲ್ಲ ಅಮೆರಿಕದ ಶಾಲೆಯವು, ಲಾಕರ್, ಸ್ಲೀಪ್‌ಓವರ್ ಅಂತ. ಅದನ್ನು ವಿವರಿಸುವುದರಲ್ಲೇ ಸೆಷನ್ ಮುಗಿಯುತ್ತೆ. ನೀವೆಲ್ಲ ಏನು ಮಾಡುತ್ತೀರಿ?

ಹಳೇ_ಟೇಪ್‌ರೆಕಾರ್ಡರ್

ಕಾರ್ಡ್ ಪಕ್ಕಕ್ಕಿಡಿ. ನಿಜ ಜೀವನದಲ್ಲಿ ಯಾರೂ ಒಂದೇ ಭಾವನೆ ಮುಖದ ತುಂಬ ತುಂಬಿಕೊಂಡು ಅಲ್ಲಾಡದೆ ನಿಂತಿರುವುದಿಲ್ಲ.

1985ರ ಸ್ಯಾಲಿ-ಆನ್ ಪರೀಕ್ಷೆ ಗೊತ್ತಲ್ಲ, ಸ್ಯಾಲಿ ಹೊರಗೆ ಹೋದಾಗ ಆನ್ ಗೋಲಿಯ ಜಾಗ ಬದಲಾಯಿಸುವುದು, ವಾಪಸ್ ಬಂದ ಸ್ಯಾಲಿ ಅದನ್ನು ಎಲ್ಲಿ ಹುಡುಕುತ್ತಾಳೆ ಅಂತ ಮಗುವನ್ನು ಕೇಳುವುದು. ನಿಮ್ಮ ಹುಡುಗರು ಅದನ್ನು ಸಲೀಸಾಗಿ ದಾಟಬಹುದು. ದಾಟಿದರೆ ಮುಗಿಯಿತು ಅಂತಲ್ಲ. ಮನಃಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಹ್ಯಾಪೆ 1994ರಲ್ಲಿ ಚಿಕ್ಕ ಕಥೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ವ್ಯಂಗ್ಯ, ತಮಾಷೆ, ಎದುರಿನವರಿಗೆ ಬೇಜಾರಾಗದಿರಲಿ ಅಂತ ಹೇಳುವ ಸುಳ್ಳು ಎಲ್ಲ ಇವೆ. ಆ ಥರದ್ದನ್ನು ನೀವೇ ಬರೆಯಿರಿ. ಅತ್ತೆ ತಂದ ಶರ್ಟ್ ಇಷ್ಟವಿಲ್ಲದಿದ್ದರೂ "ಚೆನ್ನಾಗಿದೆ" ಅನ್ನುವವನು. ಟ್ರಿಪ್‌ಗೆ ಬರ್ತೀಯಾ ಅಂದರೆ "ನೋಡೋಣ" ಅನ್ನುವವನು. ನೆಂಟರು ಬಾಗಿಲಲ್ಲಿ ನಿಂತು "ಊಟ ಮಾಡ್ಕೊಂಡು ಹೋಗಿ" ಅನ್ನುವುದಕ್ಕೂ, ಕೈಯಿಂದ ಬ್ಯಾಗ್ ಕಿತ್ತುಕೊಂಡು ಅನ್ನುವುದಕ್ಕೂ ಇರುವ ವ್ಯತ್ಯಾಸ. (ಇದು ದೊಡ್ಡವರಿಗೇ ಎಷ್ಟೋ ಸಲ ಗೊತ್ತಾಗಲ್ಲ, ಆ ಮಾತು ಬೇರೆ.)

ಸರಿ, ತಪ್ಪು ಅಂತ ಮಾರ್ಕ್ಸ್ ಕೊಡಬೇಡಿ. "ಏನು ನೋಡಿ ಹಾಗಂದೆ?" ಅಂತ ಕೇಳಿ. ದನಿಯಾ, ಮುಖವಾ, ಮುಂಚೆ ನಡೆದದ್ದಾ, ಆ ಮನುಷ್ಯನಿಗೆ ಯಾವ ವಿಷಯ ಗೊತ್ತು ಯಾವುದು ಗೊತ್ತಿಲ್ಲ ಅನ್ನುವುದಾ? ಆಮೇಲೆ "ಇನ್ನೇನಿರಬಹುದು?" ಅಂತ ಎರಡನೇ ಊಹೆ ಕಡ್ಡಾಯ. ನನ್ನ ಪ್ರಕಾರ ಕಲಿಸಬೇಕಾದದ್ದು ಇದೇ, ಏಕೆಂದರೆ ಮೊದಲ ಊಹೆಗೇ ಗಟ್ಟಿಯಾಗಿ ಅಂಟಿಕೊಂಡು "ಅವನಿಗೆ ನನ್ನ ಕಂಡರೆ ಆಗಲ್ಲ" ಅಂತ ತೀರ್ಮಾನಕ್ಕೆ ಬರುವುದರಿಂದಲೇ ಈ ವಯಸ್ಸಿನಲ್ಲಿ ಜಗಳ ಜಾಸ್ತಿ.

ಸೀರಿಯಲ್ ದೃಶ್ಯ ಮ್ಯೂಟ್ ಮಾಡಿ ಶುರು ಮಾಡಿ. ಅಲ್ಲಿ ಎಲ್ಲರೂ ಕಣ್ಣರಳಿಸಿ ತಿರುಗುವುದರಿಂದ ಸುಲಭ. ಆಮೇಲೆ ಸಾಧಾರಣ ಮಾತುಕತೆಗೆ ಬನ್ನಿ. ವಾಟ್ಸಾಪ್ ಚಾಟ್ ನೀವೇ ತಯಾರಿಸಿ. ಉದ್ದುದ್ದ ಬರೆಯುತ್ತಿದ್ದ ಗೆಳತಿ ಇದ್ದಕ್ಕಿದ್ದಂತೆ ಬರೀ "ಹ್ಞೂಂ" ಅಂತ ಕಳಿಸಿದರೆ ಏನಾಗಿರಬಹುದು? ಸಿಟ್ಟೂ ಇರಬಹುದು, ಚಾರ್ಜ್ ಮುಗಿಯುತ್ತಿರಬಹುದು, ಅಮ್ಮ ಪಕ್ಕದಲ್ಲಿ ಕೂತಿರಬಹುದು.

ಕಿವಿಗೆ_ಹೆಡ್‌ಫೋನ್

ನಾನು ಥೆರಪಿಸ್ಟ್ ಅಲ್ಲ. ಆಟಿಸಂ ಇರುವವನು, ವಯಸ್ಸು ಮೂವತ್ತು ದಾಟಿದೆ. ಸ್ವಲ್ಪ ನೇರವಾಗಿ ಹೇಳುತ್ತೇನೆ. ಇಡೀ ಚರ್ಚೆ "ಇವರಿಗೆ ಬೇರೆಯವರು ಅರ್ಥವಾಗಲ್ಲ" ಅನ್ನುವ ಕಡೆಯಿಂದಲೇ ಹೋಗುತ್ತಿದೆ. ಬೇರೆಯವರಿಗೆ ನಾವೂ ಅರ್ಥವಾಗಲ್ಲ ಅಲ್ವಾ? ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನೇ ಬರೆದರು, ತೊಡಕು ಎರಡೂ ಕಡೆ ಇದೆ ಅಂತ. ಅವರೂ ಆಟಿಸಂ ಇರುವವರೇ. ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಜೊತೆಗಾರರು 2020ರಲ್ಲಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹೋಗುವ ಪ್ರಯೋಗ ಮಾಡಿದರು. ಆಟಿಸಂ ಇರುವವರೇ ತುಂಬಿದ್ದ ಸರಪಳಿ, ಇಲ್ಲದವರ ಸರಪಳಿಯಷ್ಟೇ ಚೆನ್ನಾಗಿ ಕಥೆ ದಾಟಿಸಿತ್ತು.

ಹಾಗಾಗಿ "ಕಣ್ಣಲ್ಲಿ ಕಣ್ಣಿಟ್ಟು ಮಾತಾಡು" ಅಂತೆಲ್ಲ ದಯವಿಟ್ಟು ಕಲಿಸಬೇಡಿ. ಕಣ್ಣು ನೋಡುವುದರಲ್ಲೇ ನನ್ನ ಗಮನವೆಲ್ಲ ಖರ್ಚಾಗಿ ಮಾತು ತಲೆಗೆ ಇಳಿಯುವುದಿಲ್ಲ. ಅದರ ಬದಲು "ನೀನು ಸಿಟ್ಟಲ್ಲಿ ಹೇಳಿದೆಯಾ, ಸುಮ್ನೆ ಹೇಳಿದೆಯಾ?" ಅಂತ ಕೇಳುವುದು ಕಲಿಸಿ. ಕೇಳುವುದು ಅವಮಾನ ಅಲ್ಲ ಅಂತಲೂ ಹೇಳಿ.

ಇನ್ನೊಂದು, ಅವರ ಭಾವನೆ ಅವರಿಗೇ ಗೊತ್ತಾಗುತ್ತಾ ಅಂತ ಮೊದಲು ನೋಡಿ. ಗೊತ್ತಾಗದಿರುವುದಕ್ಕೆ ಅಲೆಕ್ಸಿಥೈಮಿಯಾ ಅಂತಾರೆ, ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇರುತ್ತೆ. ಹೊಟ್ಟೆ ಹಿಂಡುತ್ತಿದೆ ಅಂತ ಗೊತ್ತಾಗುತ್ತೆ, ಅದು ಹಸಿವಾ ಗಾಬರಿಯಾ ಅಂತ ಗೊತ್ತಾಗಲ್ಲ. ನಂದು ಹಾಗೇ. ನಂದೇ ತಿಳಿಯದಿದ್ದರೆ ಪಕ್ಕದವನದ್ದು ಹೇಗೆ ಹೇಳಲಿ?

ಕರಾವಳಿ_ಎಸ್‌ಎಲ್‌ಪಿ

ಮೇಲಿನವರ ಮಾತಿಗೆ ನನ್ನ ಓಟು. ನಾನು ಸೇರಿಸುವುದು ಒಂದೇ: ಭಾಷೆಯನ್ನೂ ಪರೀಕ್ಷಿಸಿ. "ಮಾತು ಚೆನ್ನಾಗಿದೆ" ಅನ್ನುವ ಎಷ್ಟೋ ಮಕ್ಕಳು "ರವಿ ಬರಲ್ಲ ಅಂತ ಸುಮಾ ಅಂದುಕೊಂಡಿದ್ದಾಳೆ ಅನ್ನೋದು ರವಿಗೆ ಗೊತ್ತಿಲ್ಲ" ಥರದ ವಾಕ್ಯದಲ್ಲಿ ಮಧ್ಯದಲ್ಲೇ ಕಳೆದುಹೋಗುತ್ತಾರೆ. ವಾಕ್ಯವೇ ಹಿಡಿತಕ್ಕೆ ಸಿಗದಿದ್ದರೆ ಅದರೊಳಗಿನ ಮನಸ್ಸು ಸಿಗುವುದು ಕಷ್ಟ. ಕಡ್ಡಿ ಗೊಂಬೆ ಬರೆದು, ಮಾತಿಗೊಂದು ಗುಳ್ಳೆ, ಯೋಚನೆಗೊಂದು ಗುಳ್ಳೆ ಹಾಕಿ. ಕ್ಯಾರಲ್ ಗ್ರೇ 1990ರ ದಶಕದಲ್ಲಿ ತಂದ ವಿಧಾನ, ದೊಡ್ಡ ಹುಡುಗರಿಗೂ ನಡೆಯುತ್ತೆ. ಪೆನ್ನು ಅವರ ಕೈಯಲ್ಲೇ ಇರಲಿ.

ದಾವಣಗೆರೆ_ವಾಕ್

ತುಂಬಾ ಥ್ಯಾಂಕ್ಸ್. ಹೆಡ್‌ಫೋನ್ ಅವರೇ, ಕಣ್ಣಿನ ವಿಷಯ ಹೆತ್ತವರೇ ಥೆರಪಿಯ ಗುರಿಯಲ್ಲಿ ಬರೆಸುತ್ತಾರೆ, "ಕಣ್ಣು ನೋಡಿ ಮಾತಾಡಬೇಕು" ಅಂತ. ಅದಕ್ಕೇನು ಹೇಳಲಿ?

ಹಳೇ_ಟೇಪ್‌ರೆಕಾರ್ಡರ್

ಗುರಿಯನ್ನೇ ಬದಲಾಯಿಸಿ ಬರೆಯಿರಿ: "ಅರ್ಥವಾಗದಿದ್ದಾಗ ತಾನೇ ಕೇಳುತ್ತಾನೆ", "ಒಂದು ಸನ್ನಿವೇಶಕ್ಕೆ ಎರಡು ಊಹೆ, ಪ್ರತಿಯೊಂದಕ್ಕೂ ಒಂದು ಸುಳಿವು ಹೇಳುತ್ತಾನೆ". ಇವನ್ನು ಎಣಿಸಿ ತೋರಿಸಬಹುದು, ಹೆತ್ತವರೂ ಒಪ್ಪುತ್ತಾರೆ. ಒಪ್ಪದಿದ್ದರೆ ಅವರನ್ನೇ ಒಂದು ಸೆಷನ್‌ಗೆ ಕೂರಿಸಿ, ಮಗನ ಮನಸ್ಸಲ್ಲಿ ಈಗ ಏನಿದೆ ಅಂತ ಅವರಿಂದ ಊಹೆ ಮಾಡಿಸಿ. ಆಮೇಲೆ ಮಗನನ್ನೇ ಕೇಳಿ.